ಗೆಣಸು ಕೆತ್ತುವ ಕೆಲಸ

ನಮ್ಮ ಹಾಸನದ ಕಡೆ ಕೆಲಸಗಳ್ಳನನ್ನು ಬಯ್ಯುವಾಗ "ಇಷ್ಟು ಹೊತ್ತು ಏನು ಗೆಣಸು ಕೆತ್ತುತ್ತಿದ್ದೆಯಾ?" ಎಂದು ಕೇಳುತ್ತಾರೆ. ಗೆಣಸು ಕೆತ್ತುವುದೆಂದರೆ ಮಾಡಿದರೂ ಒಂದೇ, ಬಿಟ್ಟರೂ ಒಂದೇ ಅನ್ನುವಂಥ ಮೂರು ಕಾಸಿನ ಕೆಲಸ ಎಂದು ಇದರರ್ಥ. ಬೈಗುಳ ಹಳತಾಯಿತು. ಅಮೆರಿಕದ ಲೂಸಿಯಾನಾ ರಾಜ್ಯದಲ್ಲಿ ಡೆಲ್ಹಿ ಎಂಬ ಸಣ್ಣ ಊರಿದೆ. ಅಲ್ಲಿಯ ಜನ ಅದನ್ನು 'ಡೆಲ್‌ಹೈ' ಎಂದು ಕರೆದುಕೊಳ್ಳುತ್ತಾರೆ. ಲ್ಯಾಂಬ್ ವೆಸ್ಟನ್ ಎಂಬ ಆಲೂಗಡ್ಡೆ ದೊರೆ 2010ರಲ್ಲಿ ಅಲ್ಲೊಂದು ದೊಡ್ಡ ಕಾರ್ಖಾನೆ ತೆರೆಯಿತು, ಗೆಣಸು ಕೆತ್ತುವುದಕ್ಕೆಂದೇ. ನಮ್ಮ ಬೆಳಗಾವಿಯ ಗೆಣಸೂ ಲಾರಿ ಹತ್ತಿ ದಿಲ್ಲಿಗೆ ಹೋಗುತ್ತದೆ. ಅದು ನಮ್ಮ ದಿಲ್ಲಿ. ಅಲ್ಲಿ ಕೆಂಡದ ಮೇಲೆ ಸುಟ್ಟು, ನಿಂಬೆಹುಳಿ ಹಿಂಡಿ, ಮಸಾಲೆ ಉದುರಿಸಿ ದೊನ್ನೆಯಲ್ಲಿ ಕೊಟ್ಟರೆ ಅದರ ಕತೆ ಮುಗಿಯಿತು. ಆ ದಿಲ್ಲಿಗೆ ಹೋದ ಗೆಣಸಿನ ಕತೆ ಬೇರೆ. ಅದು ಚೀಲ ಸೇರಿ, ಫ್ರೀಜರ್ ಸೇರಿ, ಆರೋಗ್ಯವೆಂಬ ಹೆಸರು ಪಡೆಯುತ್ತದೆ.

ಅಂಥದೊಂದು ಚೀಲದ ಪರಿಚಯ ನನಗಾದದ್ದು ನ್ಯೂಜೆರ್ಸಿಯ ಮಗಳ ಮನೆಯಲ್ಲಿ. ಅದು ಯಾವ ಕಂಪನಿಯದೆಂದು ಹೇಳುವುದಿಲ್ಲ. ಅಕ್ಕಪಕ್ಕದ ಚೀಲಗಳನ್ನೂ ಓದಿ ನೋಡಿದ್ದೇನೆ, ಎಲ್ಲರೂ ಒಂದೇ ಗರಡಿಯ ಪೈಲ್ವಾನರು. ನನಗೆ ಸಕ್ಕರೆ ಕಾಯಿಲೆ. ಹೋದ ಮೊದಲ ದಿನವೇ ಮಗಳ ಕಟ್ಟಪ್ಪಣೆಯಾಯಿತು: "ಅಪ್ಪಾ, ಇಲ್ಲಿ ಫ್ರೆಂಚ್ ಫ್ರೈಸ್ ಮುಟ್ಟೋ ಹಾಗಿಲ್ಲ. ಆಲೂಗಡ್ಡೆ ವಿಷ."

ಹಾಸನದವನ ಮುಂದೆ ಆಡುವ ಮಾತೇ ಇದು? ಜಲಂಧರದಿಂದ ಬಿತ್ತನೆ ಗೆಡ್ಡೆ ತರಿಸಿ, ಮುಂಗಾರಿಗೆ ಕಾದು ನೆಟ್ಟು, ಅಂಗಮಾರಿ ರೋಗಕ್ಕೆ ಅರ್ಧ ಒಪ್ಪಿಸಿ, ದಲ್ಲಾಳಿಗೆ ಉಳಿದರ್ಧ ಒಪ್ಪಿಸಿ, ಮರುವರ್ಷ ಮತ್ತೆ ಜಲಂಧರದ ಕಡೆ ಮುಖ ಮಾಡುವ ಜಿಲ್ಲೆ ನಮ್ಮದು. ಆಲೂಗಡ್ಡೆ ನಮ್ಮ ಜೇಬಿಗೆ ವಿಷ ಎಂದಿದ್ದರೆ ಒಪ್ಪುತ್ತಿದ್ದೆ. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಫ್ರೀಜರಿನಿಂದ ಕಿತ್ತಳೆ ಬಣ್ಣದ ಚೀಲ ತೆಗೆದಳು. "ನಿಮಗೆ ಇದು. ಸ್ವೀಟ್ ಪೊಟಾಟೊ ಫ್ರೈಸ್. ಹೆಲ್ದಿ."

ಚೀಲದ ಮುಂಭಾಗದಲ್ಲಿ ಮರದ ಹಲಗೆ, ಅದರ ಮೇಲೆ ಮಣ್ಣು ಮೆತ್ತಿದ ಗೆಣಸು, ಪಕ್ಕದಲ್ಲಿ ಹಸಿರು ಎಲೆ, ಹಿಂದೆ ಎಳೆಬಿಸಿಲು. ಮಠದ ಪ್ರಸಾದಕ್ಕೂ ಇಷ್ಟು ಭಕ್ತಿಯ ಚಿತ್ರ ಹಾಕುವುದಿಲ್ಲ. ಹಿಂಭಾಗ ತಿರುಗಿಸಿದೆ. ಅಲ್ಲಿ ಎಳೆಬಿಸಿಲಿಲ್ಲ, ಇರುವೆ ಸಾಲಿನಂಥ ಅಕ್ಷರಗಳು. ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು ಓದಿದೆ. ಗೆಣಸು. ಆಮೇಲೆ ಎಣ್ಣೆ: ಕನೋಲಾ, ಸೋಯಾ, ಹತ್ತಿಬೀಜ, 'ಇವುಗಳಲ್ಲಿ ಒಂದು ಅಥವಾ ಹೆಚ್ಚು'. ಯಾವುದೆಂದು ಕರಿದವನಿಗೇ ಖಾತರಿಯಿಲ್ಲ. ಆಮೇಲೆ ಮಾರ್ಪಡಿಸಿದ ಪಿಷ್ಟ, ಅಕ್ಕಿ ಹಿಟ್ಟು, ಸಕ್ಕರೆ, ಉಪ್ಪು, ಡೆಕ್ಸ್ಟ್ರಿನ್, ಅಡುಗೆ ಸೋಡಾ, ಸೋಡಿಯಂ ಆಸಿಡ್ ಪೈರೋಫಾಸ್ಫೇಟ್, ಕ್ಸಾಂಥನ್ ಗಮ್. ಕೊನೆಗೆ, ಬಣ್ಣಕ್ಕಾಗಿ, ಪ್ಯಾಪ್ರಿಕಾ ಸಾರ.

ಕಿತ್ತಳೆ ಗೆಣಸಿಗೆ ಕಿತ್ತಳೆ ಬಣ್ಣ ಬಳಿದಿದ್ದಾರೆ! ಯಕ್ಷಗಾನದ ಚೌಕಿಯಲ್ಲಿ ಬಣ್ಣ ಬಳಿಯುವುದು ಶೆಟ್ಟರು ರಾವಣನಾಗಲಿಕ್ಕೆ. ಇಲ್ಲಿ ಶೆಟ್ಟರು ಶೆಟ್ಟರೇ ಆಗಿ ರಂಗಕ್ಕೆ ಬರಲಿಕ್ಕೆ ಬಣ್ಣ ಬಳಿದುಕೊಂಡಿದ್ದಾರೆ. ನಮ್ಮ ಬ್ಯಾಡಗಿ ಮೆಣಸಿನಕಾಯಿಯಿಂದ ಹಿಂಡಿ ತೆಗೆಯುವ ಕೆಂಪು ರಸವೂ ಇದೇ ಜಾತಿಯದು. ಅದು ಲಿಪ್‌ಸ್ಟಿಕ್ಕಿಗೂ ಹೋಗುತ್ತದೆ, ಉಗುರು ಬಣ್ಣಕ್ಕೂ ಹೋಗುತ್ತದೆ. ಗೆಣಸಿನ ತುಟಿಗೂ ಹತ್ತಿದರೆ ತಪ್ಪೇನು ಅನ್ನಿ.

ಇಷ್ಟೊಂದು ಶೃಂಗಾರ ಯಾಕೆ ಎಂದರೆ, ಗೆಣಸಿಗೆ ಆಲೂಗಡ್ಡೆಯ ಪಾತ್ರ ಬರುವುದಿಲ್ಲ. ಹೆಸರಿನಲ್ಲಿ ಪೊಟಾಟೊ ಇದ್ದ ಮಾತ್ರಕ್ಕೆ ನೆಂಟರಾಗುತ್ತಾರೆಯೇ? ಆಲೂಗಡ್ಡೆ ಬದನೆ, ಟೊಮ್ಯಾಟೊಗಳ ದಾಯಾದಿ. ಗೆಣಸು ಬೇಲಿಯ ಮೇಲೆ ತುತ್ತೂರಿಯಂಥ ಹೂ ಬಿಡುವ ಬಳ್ಳಿಗಳ ಮನೆತನದ್ದು. ಆಲೂಗಡ್ಡೆಯಲ್ಲಿ ಪಿಷ್ಟ ಹೆಚ್ಚು, ಸಕ್ಕರೆ ಕಡಿಮೆ. ಕಾದ ಎಣ್ಣೆಗೆ ಬಿದ್ದರೆ ಹೊರಗೆ ಗರಿಗರಿ, ಒಳಗೆ ಮೆದು. ಗೆಣಸಿನದು ತದ್ವಿರುದ್ಧ ಸ್ವಭಾವ. ಅದರಲ್ಲಿ ಮೊದಲೇ ಸಕ್ಕರೆಯಿದೆ. ಸಾಲದ್ದಕ್ಕೆ ಬಿಸಿ ತಗುಲಿದರೆ ಅದರೊಳಗಿನ ಒಂದು ಕಿಣ್ವ ಇದ್ದ ಪಿಷ್ಟವನ್ನೂ ಮಾಲ್ಟೋಸ್ ಎಂಬ ಸಕ್ಕರೆ ಮಾಡುತ್ತ ಕೂರುತ್ತದೆ. ಬೆಂದ ಗೆಣಸು ಹಸಿ ಗೆಣಸಿಗಿಂತ ಸಿಹಿಯಾಗಿರುವ ಗುಟ್ಟು ಅದೇ. ಅಂಥದ್ದನ್ನು ಉದ್ದುದ್ದ ಸೀಳಿ ಎಣ್ಣೆಗೆ ಬಿಟ್ಟರೆ ಗರಿಯಾಗುವ ಮೊದಲೇ ಸೀಯುತ್ತದೆ. ಸೀಯಲಿಲ್ಲವೋ, ಮದುವೆ ಮುಗಿದ ಮಾರನೆಯ ದಿನದ ಬಾಳೆಕಂದಿನ ಹಾಗೆ ಜೋಲುತ್ತದೆ.

ಅದಕ್ಕೆ ಕಾರ್ಖಾನೆಯಲ್ಲಿ ಸಂಸ್ಕಾರ ಕೊಡುತ್ತಾರೆ. ಹಬೆಯಲ್ಲಿ ಸಿಪ್ಪೆ ಹಾರಿಸಿ, ನೀರಿನ ರಭಸದಲ್ಲಿ ಅಲಗುಗಳ ಮೇಲೆ ನುಗ್ಗಿಸಿ ಸೀಳಿ, ಬಿಸಿನೀರಿನಲ್ಲಿ ಅದ್ದಿ ಕಿಣ್ವದ ಉಸಿರು ನಿಲ್ಲಿಸಿ, ಕಪ್ಪಾಗದಂತೆ ಪೈರೋಫಾಸ್ಫೇಟಿನ ಸ್ನಾನ ಮಾಡಿಸಿ, ಒಣಗಿಸಿ, ಪಿಷ್ಟ ಮತ್ತು ಅಕ್ಕಿ ಹಿಟ್ಟಿನ ತೆಳುವಾದ ಸಂಪಣದಲ್ಲಿ ಮುಳುಗಿಸಿ, ಎಣ್ಣೆಯಲ್ಲಿ ಅರ್ಧ ಕರಿದು, ಸೊನ್ನೆಗಿಂತ 18 ಡಿಗ್ರಿ ಕೆಳಗೆ ಹೆಪ್ಪುಗಟ್ಟಿಸುತ್ತಾರೆ. ನಮ್ಮಲ್ಲಿ ಷೋಡಶ ಸಂಸ್ಕಾರ ಮನುಷ್ಯನಿಗೂ ಪೂರ್ತಿ ಆಗುವುದು ಅನುಮಾನ.

ಈಗ ಒಂದು ಸರಳ ಪ್ರಶ್ನೆ. ಹೋಳನ್ನು ಹಿಟ್ಟಿನಲ್ಲಿ ಅದ್ದಿ, ಚೂರು ಸೋಡಾ ಬೆರೆಸಿ, ಎಣ್ಣೆಯಲ್ಲಿ ಬಿಟ್ಟರೆ ಅದಕ್ಕೆ ಕನ್ನಡದಲ್ಲಿ ಏನನ್ನುತ್ತಾರೆ? ಬಜ್ಜಿ ಅನ್ನುತ್ತಾರೆ. ಬೀದಿ ಕೊನೆಯ ತಳ್ಳುಗಾಡಿಯವನನ್ನು ಬೇಕಾದರೆ ಕೇಳಿ. ಅವನು ನಲವತ್ತು ವರ್ಷದಿಂದ ಬಜ್ಜಿ ಬೇಯಿಸುತ್ತಿದ್ದಾನೆ, ಒಂದು ದಿನವೂ ಅದನ್ನು ಆರೋಗ್ಯವೆಂದು ಮಾರಿಲ್ಲ. ಹಳೇ ಪೇಪರಿನಲ್ಲಿ ಸುತ್ತಿಕೊಡುತ್ತಾನೆ. ಎಣ್ಣೆ ಪೇಪರಿಗೆ ಇಳಿದು ನಮ್ಮ ಕಣ್ಣೆದುರೇ ತಪ್ಪೊಪ್ಪಿಕೊಳ್ಳುತ್ತದೆ. ಚೀಲದಲ್ಲಿ ಹೆಪ್ಪುಗಟ್ಟಿದ ಎಣ್ಣೆ ಏನನ್ನೂ ಒಪ್ಪಿಕೊಳ್ಳುವುದಿಲ್ಲ.

ಅಳಿಯನ ಬಳಿ ಈ ಮಾತೆತ್ತಿದೆ. ಅವನು ಸಾಫ್ಟ್‌ವೇರಿನವನು, ಯಾವುದಕ್ಕೂ ಒಂದು ಯಂತ್ರ ತೋರಿಸುತ್ತಾನೆ. "ಇಲ್ಲ ಮಾವ, ನಾವು ಕರಿಯೋದಿಲ್ಲ. ಏರ್ ಫ್ರೈಯರ್. ಒಂದು ಹನಿ ಎಣ್ಣೆ ಹಾಕಲ್ಲ."

ಹಾಕಬೇಕಾದ್ದೇನಿದೆಯಪ್ಪ? ಎಣ್ಣೆಸ್ನಾನ ಮುಗಿಸಿಕೊಂಡೇ ಬಂದವನಿಗೆ ಮತ್ತೆ ಯಾರು ಎಣ್ಣೆ ಹಚ್ಚುತ್ತಾರೆ? ಹಸಿ ಗೆಣಸಿನಲ್ಲಿ ಕೊಬ್ಬು ಇದ್ದೂ ಇಲ್ಲದಷ್ಟು. ಈ ಚೀಲದಲ್ಲಿ ಒಂದು ಪಾಲಿಗೆ 6 ಗ್ರಾಂ. ಆ 6 ಗ್ರಾಂ ಗೆಣಸಿನ ಹೊಲದಲ್ಲಿ ಬೆಳೆದದ್ದಲ್ಲ.

'ಒಂದು ಪಾಲು' ಎಂದೆನಲ್ಲ, ಚೀಲದ ಮೇಲಿನ ಅತಿ ದೊಡ್ಡ ಸಾಹಿತ್ಯ ಅಲ್ಲಿದೆ. ಒಂದು ಪಾಲು 85 ಗ್ರಾಂ; ಎಣಿಸಿದರೆ ಹತ್ತು ಹನ್ನೆರಡು ಕಡ್ಡಿ. ಅದಕ್ಕೆ 150 ಕ್ಯಾಲೊರಿ, ಅದೇ ತೂಕದ ಹಸಿ ಗೆಣಸಿನ ಎರಡರಷ್ಟು. ಹೊರಗಿನಿಂದ ಸೇರಿಸಿದ ಸಕ್ಕರೆ 2 ಗ್ರಾಂ. ಸಿಹಿಗೆಣಸು ಸಾಕಷ್ಟು ಸಿಹಿಯಿಲ್ಲವೆಂದು ಯಾರಿಗೋ ಅನ್ನಿಸಿರಬೇಕು. ಚೀಲದ ತೂಕ 425 ಗ್ರಾಂ, ಐದು ಪಾಲು ಎಂದು ಬರೆದಿದೆ. ನಾವು ಮೂವರು ದೊಡ್ಡವರು ಮತ್ತು ಆರು ವರ್ಷದ ಮೊಮ್ಮಗ, ಟಿವಿಯಲ್ಲಿ ಜಾಹೀರಾತು ಮುಗಿಯುವುದರೊಳಗೆ ಐದೂ ಪಾಲು ಮುಗಿಸಿ ಎರಡನೇ ಚೀಲ ಕತ್ತರಿಸಿದೆವು. ಆಲೂಗಡ್ಡೆಯದಾಗಿದ್ದರೆ ಮಗಳು ಕೈ ಹಿಡಿಯುತ್ತಿದ್ದಳು. ಇದು ಹೆಲ್ದಿ, ಆದ್ದರಿಂದ ಬಡಿಸಿದಳು.

ಹಾರ್ವರ್ಡಿನ ಎರಿಕ್ ರಿಮ್ ಎಂಬ ಪ್ರಾಧ್ಯಾಪಕರು 2018ರಲ್ಲಿ, ಫ್ರೈಸ್ ತಿನ್ನುವುದಾದರೆ ಸಲಾಡ್ ಜೊತೆಗೆ ಆರೇ ಆರು ಕಡ್ಡಿ ಸಾಕು ಎಂದುಬಿಟ್ಟರು. ಇಡೀ ಅಮೆರಿಕ ಅವರ ಮೇಲೆ ಮುರಿದುಕೊಂಡು ಬಿತ್ತು. ಆರಕ್ಕೆ ನಿಲ್ಲಿಸಬಲ್ಲ ಯೋಗಿಗೆ ಫ್ರೈಸ್ ಯಾಕೆ ಬೇಕು, ಹಿಮಾಲಯ ಸಾಲದೆ?

ಅಲ್ಲಿಯ ಶಾಲೆಗಳ ಊಟದ ನಿಯಮ ಇನ್ನೂ ಸೊಗಸು. 2012ರ ನಿಯಮದ ಪ್ರಕಾರ ತರಕಾರಿಗಳಲ್ಲಿ ಉಪಪಂಗಡಗಳಿವೆ. ಆಲೂಗಡ್ಡೆ 'ಪಿಷ್ಟ'ದ ಪಂಗಡ. ಗೆಣಸೋ, ಕ್ಯಾರೆಟ್ಟು, ಕುಂಬಳ, ಟೊಮ್ಯಾಟೊಗಳ ಜೊತೆ 'ಕೆಂಪು-ಕಿತ್ತಳೆ' ಪಂಗಡ. ಎರಡನ್ನೂ ಸೀಳಿ ಕರಿದು ಒಂದೇ ತಟ್ಟೆಯಲ್ಲಿಟ್ಟರೆ ಬಲಗಡೆಯದು ಪಿಷ್ಟ, ಎಡಗಡೆಯದು ಕ್ಯಾರೆಟ್ಟಿನ ಸಹೋದರ. ಪಂಗಡ ಸರಿಯಾಗಿ ಸಿಕ್ಕಿಬಿಟ್ಟರೆ ಎಂಥ ಸೌಲಭ್ಯ ಸಿಗುತ್ತದೆಂದು ನಮ್ಮ ಜನಕ್ಕೆ ಬಿಡಿಸಿ ಹೇಳಬೇಕಾಗಿಲ್ಲ.

ಹಾಗೆಂದು ಕಿತ್ತಳೆ ಬಣ್ಣ ಪೂರ್ತಿ ಸುಳ್ಳಲ್ಲ. ಅದರಲ್ಲಿ ಬೀಟಾ ಕ್ಯಾರೊಟಿನ್ ಇದೆ, ದೇಹ ಅದನ್ನು ವಿಟಮಿನ್ ಎ ಮಾಡಿಕೊಳ್ಳುತ್ತದೆ, ಕರಿದರೂ ಬಹುಪಾಲು ಉಳಿಯುತ್ತದೆ. ಜೊತೆಗೆ ಚೂರು ಎಣ್ಣೆ ಇದ್ದರೆ ಇನ್ನೂ ಚೆನ್ನಾಗಿ ಮೈಗೆ ಹತ್ತುತ್ತದೆ. ಇಲ್ಲಿ ನನ್ನ ಸಂಪ್ರದಾಯವಾದಿ ಗೆಳೆಯರಿಗೂ ಒಂದು ಚುಚ್ಚುಮದ್ದು ಬೇಕು. "ನಮ್ಮ ಅಜ್ಜಿ ಸಂಕ್ರಾಂತಿಗೆ ಬೇಯಿಸಿಕೊಡುತ್ತಿದ್ದ ಗೆಣಸು ವಿಟಮಿನ್ ಎ ಭಂಡಾರ" ಎಂದು ವಾಟ್ಸಾಪಿನಲ್ಲಿ ದಿನಾ ಬೆಳಿಗ್ಗೆ ಬರುತ್ತದೆ. ಅಜ್ಜಿಯ ಗೆಣಸಿನ ಸಿಪ್ಪೆ ಕೆಂಪು, ತಿರುಳು ಬಿಳಿ. ಬಿಳಿ ತಿರುಳಿನಲ್ಲಿ ಈ ಭಂಡಾರದ ಬೀಗದ ಕೈಯೂ ಇಲ್ಲ. ಕಿತ್ತಳೆ ತಿರುಳಿನದು ಬೇಕೆಂದರೆ ತಿರುವನಂತಪುರದ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆಯವರ 'ಭೂ ಸೋನಾ' ತಳಿಯಿದೆ. ಅದನ್ನು ಎಷ್ಟು ಸಂತೆಯಲ್ಲಿ ಕಂಡಿದ್ದೀರಿ, ಹೇಳಿ.

ಇದೇ ಕಿತ್ತಳೆ ಗೆಣಸನ್ನು ಆಫ್ರಿಕಾದ ಹಳ್ಳಿಗಳಿಗೆ ಒಯ್ದ ಮರಿಯಾ ಆಂಡ್ರಾಡೆ, ರಾಬರ್ಟ್ ಮ್ವಾಂಗಾ, ಜಾನ್ ಲೋ ಅವರಿಗೆ, ಹೋವರ್ಥ್ ಬೌಯಿಸ್ ಜೊತೆಗೆ, 2016ರಲ್ಲಿ ವಿಶ್ವ ಆಹಾರ ಪ್ರಶಸ್ತಿ ಬಂತು. ಮೊಜಾಂಬಿಕ್, ಉಗಾಂಡಾಗಳಲ್ಲಿ ಮಕ್ಕಳ ವಿಟಮಿನ್ ಎ ಕೊರತೆ ನೀಗಲೆಂದು ಗೆಣಸಿನ ಬಳ್ಳಿಯ ತುಂಡುಗಳನ್ನು ಮನೆಮನೆಗೆ ಮುಟ್ಟಿಸಿದ ಕೆಲಸ ಅದು. ಅಲ್ಲಿ ಮಗುವಿನ ಕಣ್ಣು ಉಳಿಸಲು ಹೊರಟ ಗೆಣಸು, ಇಲ್ಲಿ ಬರ್ಗರ್ ಪಕ್ಕ ಕುಳಿತು ಹೋಟೆಲಿನವರಿಗೆ ಎರಡು ಡಾಲರ್ ಹೆಚ್ಚಿಗೆ ದುಡಿದುಕೊಡುತ್ತದೆ. ತಿನ್ನುವವನ ಕಣ್ಣಿಗೆ ಮೊದಲೇ ಏನೂ ಆಗಿರುವುದಿಲ್ಲ. ಚೀಲದ ಹಿಂಭಾಗ ಮಾತ್ರ ಕಾಣುವುದಿಲ್ಲ.

ನಮ್ಮೂರಿನಲ್ಲಿ ಕಂಡರೂ ತಿಳಿಯುವುದಿಲ್ಲ. ನಮ್ಮ ಚೀಲಗಳ ಮೇಲೆ ಈ ಗಮ್ಮು, ಫಾಸ್ಫೇಟು, ಸೋಡಾಗಳೆಲ್ಲ ನಂಬರಿನಲ್ಲಿ ಅಡಗಿವೆ: 415, 450, 500. ಬೆಂಗಳೂರಿನಲ್ಲಿ 500 ಎಂದರೆ ರಿಂಗ್ ರೋಡಿನ ಬಸ್ಸು. ಅದು ಅಡುಗೆ ಸೋಡಾ ಎಂದು ಯಾರಿಗೆ ಹೊಳೆಯಬೇಕು?

ಇಷ್ಟೆಲ್ಲ ಭಾಷಣ ಬಿಗಿದ ಮೇಲೆ ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ. "ನಾಳೆ ನಾನೇ ಮಾಡಿ ತೋರಿಸ್ತೀನಿ. ಗೆಣಸು, ಎಣ್ಣೆ, ಉಪ್ಪು. ನಾಲ್ಕನೆಯದು ಇದ್ದರೆ ಕೇಳಿ" ಎಂದು ಸವಾಲು ಹಾಕಿದೆ. ಅಂಗಡಿಯಿಂದ ನಾಲ್ಕು ಗೆಣಸು ಬಂತು. ಸಿಪ್ಪೆ ಹೆರೆದು, ಉದ್ದಕ್ಕೆ ಸೀಳಿ, ಉಪ್ಪು ಎಣ್ಣೆ ಸವರಿ ಅಳಿಯನ ಯಂತ್ರದೊಳಗಿಟ್ಟೆ. ಇಪ್ಪತ್ತು ನಿಮಿಷದ ನಂತರ ತೆಗೆದರೆ ತುದಿ ಇದ್ದಿಲು, ನಡು ಹಲ್ವ. ಮೊಮ್ಮಗ ಒಂದು ಕಡ್ಡಿ ಎತ್ತಿ ಹಿಡಿದ. ಅದು ಅವನ ಬೆರಳಿನಿಂದಾಚೆ ತಲೆ ತಗ್ಗಿಸಿತು. "ತಾತಾ, ಇದಕ್ಕೆ ಹುಷಾರಿಲ್ವಾ?" ಎಂದು ಕೇಳಿದ.

ಮಾನದ ಪ್ರಶ್ನೆ. ಎರಡನೇ ಸರ್ತಿ ಮೇಲೆ ಒಂದಿಷ್ಟು ಅಕ್ಕಿ ಹಿಟ್ಟು ಉದುರಿಸಿದೆ. ಪರವಾಗಿಲ್ಲ ಅನ್ನಿಸಿತು. ಮೂರನೇ ಸರ್ತಿ ಹಿಟ್ಟು ಹಿಡಿಯಲೆಂದು ಕಾರ್ನ್‌ಫ್ಲೋರ್ ನೀರು, ಗರಿಯಾಗಲೆಂದು ಚಿಟಿಕೆ ಸೋಡಾ. ಬಣ್ಣ ಸ್ವಲ್ಪ ಸಪ್ಪೆ ಕಂಡಿತು. ಮಗಳ ಡಬ್ಬಿಯಲ್ಲಿ ಊರಿನಿಂದ ಬಂದ ಬ್ಯಾಡಗಿ ಪುಡಿ ಇತ್ತು. ಯಂತ್ರದಲ್ಲಿ ಯಾಕೋ ಸರಿಹೋಗುತ್ತಿಲ್ಲವೆಂದು ಬಾಣಲೆ ಇಟ್ಟು ಎಣ್ಣೆ ಸುರಿದೆ. ಮಗಳು ಬಾಗಿಲಿಗೆ ಒರಗಿ ನಿಂತು, ಚೀಲದ ಹಿಂಭಾಗವನ್ನು ಗಟ್ಟಿಯಾಗಿ ಓದುತ್ತ ಒಂದೊಂದಕ್ಕೂ ಬೆರಳು ಮಡಿಸುತ್ತಿದ್ದಳು.

ಅಷ್ಟರಲ್ಲಿ ಹಾಸನದಿಂದ ಗೆಳೆಯನ ಫೋನು. "ಏನಯ್ಯ, ಮೂರು ತಿಂಗಳಾಯ್ತು ಹೋಗಿ. ಅಲ್ಲಿ ಕೂತ್ಕೊಂಡು ಏನ್ ಗೆಣಸು ಕೆತ್ತುತಿದ್ದೀಯ?"

"ಹ್ಞೂಂ ಕಣಯ್ಯ," ಎಂದೆ. "ಮೂರನೇ ಸುತ್ತು."