ಪಾನನಿರೋಧ ಮೀಮಾಂಸೆ

ಸದ್ಗೃಹಸ್ಥರ ಅಡುಗೆಮನೆಯಲ್ಲಿ ಆಲ್ಕೋಹಾಲ್ ಇರಕೂಡದು ಎಂಬುದು ಪ್ರತಿಜ್ಞೆ. ಇದನ್ನು ಈವರೆಗೆ ಯಾರೂ ಪ್ರಶ್ನಿಸಿಲ್ಲವಾದ್ದರಿಂದ ಪ್ರಶ್ನಿಸುವುದು ವಿದ್ವಾಂಸರ ಕರ್ತವ್ಯ. ಮೊದಲು ಲಕ್ಷಣ ಹೇಳಬೇಕು. ಲಕ್ಷಣ ಹೇಳದೆ ನಿಷೇಧ ಹೇರುವುದು ಸರ್ಕಾರಕ್ಕೆ ಶೋಭೆ, ಶಾಸ್ತ್ರಕ್ಕಲ್ಲ.

ಕಾರ್ಬನ್‌ಗೆ ಒಂದು ಆಕ್ಸಿಜನ್, ಆ ಆಕ್ಸಿಜನ್‌ಗೆ ಒಂದು ಹೈಡ್ರೋಜನ್ ತಗುಲಿಕೊಂಡಿದ್ದರೆ ಆ ಜೋಡಿಗೆ ಹೈಡ್ರಾಕ್ಸಿಲ್ ಗುಂಪೆಂದೂ, ಅದನ್ನು ಹೊತ್ತ ವಸ್ತುವಿಗೆ ಆಲ್ಕೋಹಾಲ್ ಎಂದೂ ಹೆಸರು. ಅಮಲು ಬರಬೇಕೆಂಬ ಮಾತು ಲಕ್ಷಣದಲ್ಲಿಲ್ಲ. ಬಾಟಲಿ, ಬಾರು, ಖಾರದ ಕಡಲೆಬೀಜ ಇವೂ ಇಲ್ಲ. ಅದೇ ಕಾರ್ಬನ್‌ಗೆ ಇನ್ನೊಂದು ಆಕ್ಸಿಜನ್ ದ್ವಿಬಂಧದಿಂದ ಅಂಟಿಕೊಂಡರೆ ಮಾತ್ರ ಆಲ್ಕೋಹಾಲ್ ಎಂಬ ಅಪಖ್ಯಾತಿ ತೊಲಗಿ ಕಾರ್ಬಾಕ್ಸಿಲಿಕ್ ಆಮ್ಲವೆಂಬ ಬಿರುದು ಬರುತ್ತದೆ. ಹೈಡ್ರಾಕ್ಸಿಲ್ ಎಲ್ಲಿಗೂ ಹೋಗಿಲ್ಲ, ಕೂತಲ್ಲೇ ಕೂತಿದೆ. ಪಕ್ಕದಲ್ಲಿ ಹಿರಿಯರೊಬ್ಬರು ಬಂದು ಕೂತರು, ಅಷ್ಟೇ. ಹೆಂಡದ ಎಥನಾಲ್ ಹೀಗೆಯೇ ವಿನೆಗರಿನ ಅಸಿಟಿಕ್ ಆಮ್ಲವಾಗುತ್ತದೆ. ಅಬಕಾರಿಯವರು ಹಿಂಬಾಗಿಲಿಂದ ಹೊರಡುತ್ತಾರೆ, ಗೋಬಿ ಮಂಚೂರಿಯವರು ಮುಂಬಾಗಿಲಿಂದ ವಿನೆಗರ್ ಕೇಳಿಕೊಂಡು ಬರುತ್ತಾರೆ.

ನೀರಿಗೂ ಹೈಡ್ರಾಕ್ಸಿಲ್ ಇದೆಯಲ್ಲ ಎಂದು ಪೂರ್ವಪಕ್ಷ. ಇದೆ. ಆದರೆ ಅದು ಕಾರ್ಬನ್‌ಗೆ ತಗುಲಿಲ್ಲ. ಆದ್ದರಿಂದ ತೀರ್ಥ ಉಳಿಯಿತು. ಪಂಚಾಮೃತ ಉಳಿಯಲಿಲ್ಲ.

ಏಕೆಂದರೆ ಸಕ್ಕರೆಯ ಒಂದು ಅಣುವಿನಲ್ಲಿ 8 ಹೈಡ್ರಾಕ್ಸಿಲ್‌ಗಳಿವೆ, ಎಥನಾಲ್‌ನಲ್ಲಿ ಇರುವುದು ಒಂದೇ ಒಂದು. ಅಣುವಿಗೆ ಅಣು ಹಿಡಿದು ತೂಗಿದರೆ ಗಡಂಗಿನಿಂದ ಬಂದವನಿಗಿಂತ ಜಿಲೇಬಿ ಅಂಗಡಿಯಿಂದ ಬಂದವನು 8 ಪಾಲು ಹೆಚ್ಚು ಅಪರಾಧಿ. ಅನ್ನದ ಪಿಷ್ಟದಲ್ಲಿ ಗ್ಲೂಕೋಸ್ ಕೊಂಡಿಗೆ ಮೂರರಂತೆ ಹೈಡ್ರಾಕ್ಸಿಲ್. ಒಂದು ಅಗುಳಿನ ಲೆಕ್ಕ ಮುಗಿಯುವಷ್ಟರಲ್ಲಿ ಊಟದ ಪಂಕ್ತಿ ಎದ್ದಿರುತ್ತದೆ. ಹಣೆಗಿಟ್ಟ ಗಂಧದ ಪರಿಮಳದ ಮುಖ್ಯ ಭಾಗ ಸ್ಯಾಂಟಲಾಲ್, ಅದೂ ಆಲ್ಕೋಹಾಲೇ. ಅದನ್ನು ಸೇರಿಸಿದ ಸಾಬೂನಂತೂ ವಿಚಿತ್ರ ಪ್ರಾಣಿ: ಮೈಯೆಲ್ಲ ಕಾರ್ಬಾಕ್ಸಿಲಿಕ್ ಆಮ್ಲದ ಸೋಡಿಯಂ ಲವಣ, ವಾಸನೆ ಮಾತ್ರ ಆಲ್ಕೋಹಾಲಿನದು. ಇಂಥದರಿಂದ ಮೈ ತೊಳೆದು ಮಡಿಯಾದೆವೆನ್ನುತ್ತೇವೆ.

ಹುಳಿ ಪದಾರ್ಥಗಳ ವಿಷಯ ಇನ್ನೂ ಸೂಕ್ಷ್ಮ. ಸ್ವೀಡನ್ನಿನ ಔಷಧ ವ್ಯಾಪಾರಿ ಕಾರ್ಲ್ ವಿಲ್ಹೆಲ್ಮ್ ಷೀಲೆ 1780ರಲ್ಲಿ ಹುಳಿಹಾಲಿನಿಂದ ಲ್ಯಾಕ್ಟಿಕ್ ಆಮ್ಲವನ್ನೂ, 1784ರಲ್ಲಿ ನಿಂಬೆರಸದಿಂದ ಸಿಟ್ರಿಕ್ ಆಮ್ಲವನ್ನೂ ಬೇರ್ಪಡಿಸಿದ. ಅದಕ್ಕೂ ಮೊದಲೇ, ನಮ್ಮ ಹುಣಸೆಹಣ್ಣಿಗೆ ಹುಳಿ ಕೊಡುವ ಟಾರ್ಟಾರಿಕ್ ಆಮ್ಲವನ್ನು ದ್ರಾಕ್ಷಾರಸದ ಪೀಪಾಯಿಗೆ ಮೆತ್ತಿದ ಗಸಿಯಿಂದ ಹೊರತೆಗೆದಿದ್ದ. ಸಾರಿನ ಹುಳಿಯ ಮೊದಲ ಪರಿಚಯವೇ ಹೆಂಡದ ಪೀಪಾಯಿಯಲ್ಲಾಯಿತೆಂಬ ಸಂಗತಿಯನ್ನು ನಮ್ಮ ಪಾಕಶಾಸ್ತ್ರಜ್ಞರು ಜಾಣತನದಿಂದ ಮರೆತಿದ್ದಾರೆ. ಈ ಮೂರೂ ಆಮ್ಲಗಳು ಅರ್ಧಮಡಿಯವು. ಮಜ್ಜಿಗೆಯದು ಒಂದು ಕಡೆ ಆಮ್ಲ, ಇನ್ನೊಂದು ಕಡೆ ಆಲ್ಕೋಹಾಲ್. ಹುಣಸೆಯದರಲ್ಲಿ ಎರಡು ಆಮ್ಲ, ಎರಡು ಆಲ್ಕೋಹಾಲ್. ನಿಂಬೆಯದರಲ್ಲಿ ಮೂರು ಆಮ್ಲ, ನಡುವೆ ತಲೆ ತಗ್ಗಿಸಿಕೊಂಡು ಒಂದು ಆಲ್ಕೋಹಾಲ್.

ಹೀಗೆ ಶೋಧಿಸುತ್ತ ಹೋಗಿ ಡಬ್ಬಿಗಳನ್ನೆಲ್ಲ ಹೊರಗಿಟ್ಟಮೇಲೆ ನಿರ್ದೋಷಿಯೆಂದು ಉಳಿಯುವುದು ಉಪ್ಪು ಒಂದೇ. ಉಪ್ಪು ಮತ್ತು ನೀರಿನಿಂದ ಸಂಸಾರ ನಡೆಯದು. ಆದ್ದರಿಂದ ಪ್ರಾಯಶ್ಚಿತ್ತ ಪ್ರಕರಣವನ್ನು ಆರಂಭಿಸುತ್ತೇವೆ.

ಆಲ್ಕೋಹಾಲಿಗೆ ವಿಹಿತವಾದ ಪ್ರಾಯಶ್ಚಿತ್ತವೆಂದರೆ ಉತ್ಕರ್ಷಣ. ಬಡವರು ಗಾಳಿಗೆ ತೆರೆದಿಟ್ಟು ಅಸಿಟೊಬ್ಯಾಕ್ಟರ್ ಬ್ಯಾಕ್ಟೀರಿಯಾಗಳಿಂದ ಮಾಡಿಸುತ್ತಾರೆ, ಕಾಲೇಜಿನವರು ಸಲ್ಫ್ಯೂರಿಕ್ ಆಮ್ಲ ಬೆರೆಸಿದ ಪೊಟ್ಯಾಸಿಯಂ ಡೈಕ್ರೋಮೇಟ್‌ನಿಂದ. ಕಿತ್ತಳೆ ಬಣ್ಣದ ದ್ರಾವಣ ಹಸಿರಾದರೆ ಕರ್ಮ ಸಾಂಗವಾಯಿತೆಂದು ಅರ್ಥ. ಆದರೆ ಇಲ್ಲಿ ಕುಲ ನೋಡುತ್ತಾರೆ. ಹೈಡ್ರಾಕ್ಸಿಲ್ ಹೊತ್ತ ಕಾರ್ಬನ್‌ಗೆ ಒಂದೇ ಕಾರ್ಬನ್ ಬಂಧುವಿದ್ದರೆ ಪ್ರಾಥಮಿಕ: ಮೊದಲು ಆಲ್ಡಿಹೈಡ್ ಆಗಿ, ಬಿಡದೆ ಕಾಯಿಸಿದರೆ ಆಮ್ಲವಾಗಿ, ಪೂರ್ಣ ಶುದ್ಧಿ. ಇಬ್ಬರಿದ್ದರೆ ದ್ವಿತೀಯಕ: ಕೀಟೋನ್ ಆಗಿ ಅಲ್ಲಿಗೇ ನಿಲ್ಲುತ್ತದೆ. ಬೋರ್ನಿಯಾಲ್ ಎಂಬ ದ್ವಿತೀಯಕ ಆಲ್ಕೋಹಾಲ್ ಹೀಗೆ ನಡುದಾರಿಯಲ್ಲಿ ನಿಂತಾಗ ಅದಕ್ಕೆ ಕರ್ಪೂರವೆಂಬ ಹೆಸರು. ಅರ್ಧ ಪ್ರಾಯಶ್ಚಿತ್ತಕ್ಕೇ ಗರ್ಭಗುಡಿಯೊಳಗೆ ಪ್ರವೇಶ ಸಿಕ್ಕ ಉದಾಹರಣೆ ಇದೊಂದೇ ಎಂದು ನನ್ನ ಭಾವನೆ.

ಮೂವರಿದ್ದರೆ ತೃತೀಯಕ. ಉತ್ಕರ್ಷಣಕ್ಕೆ ಆ ಕಾರ್ಬನ್‌ನಿಂದ ಒಂದು ಹೈಡ್ರೋಜನ್ ಕಿತ್ತುಕೊಳ್ಳಬೇಕು, ಇಲ್ಲಿ ಕೀಳಲು ಹೈಡ್ರೋಜನ್ನೇ ಇಲ್ಲ. ಡೈಕ್ರೋಮೇಟ್ ಕಿತ್ತಳೆಯಾಗಿಯೇ ಉಳಿದು ಮುಖ ತಿರುಗಿಸುತ್ತದೆ. ನಿಂಬೆಹಣ್ಣಿನ ಆ ತಲೆ ತಗ್ಗಿಸಿದ ಹೈಡ್ರಾಕ್ಸಿಲ್ ಈ ಪಾಪಿಷ್ಠ ವರ್ಗದ್ದು. ಹಾಗಾದರೆ ಚಿತ್ರಾನ್ನ ತಿಂದವರ ಗತಿಯೇನು? ಗಾಬರಿ ಬೇಡ. ಹಾನ್ಸ್ ಕ್ರೆಬ್ಸ್ 1937ರಲ್ಲಿ ವಿವರಿಸಿದ ಸಿಟ್ರಿಕ್ ಆಮ್ಲದ ಚಕ್ರ ನಮ್ಮ ಜೀವಕೋಶಗಳ ಮೈಟೊಕಾಂಡ್ರಿಯಾಗಳಲ್ಲಿ ತಿರುಗುತ್ತಿರುತ್ತದೆ. ಅಲ್ಲಿ ಅಕೋನಿಟೇಸ್ ಎಂಬ ಕಿಣ್ವ ಆ ಹೈಡ್ರಾಕ್ಸಿಲನ್ನು ಮೆಲ್ಲಗೆ ಎಬ್ಬಿಸಿ ಪಕ್ಕದ ಕಾರ್ಬನ್ ಮೇಲೆ ಕೂರಿಸುತ್ತದೆ. ಕೂತ ಜಾಗ ಬದಲಾದೊಡನೆ ತೃತೀಯಕ ದ್ವಿತೀಯಕವಾಯಿತು, ಉತ್ಕರ್ಷಣ ನಿರ್ವಿಘ್ನವಾಯಿತು. ಕುಲವೆಂಬುದು ಕೂತ ಜಾಗದ ಮಹಿಮೆಯೆಂದು ಮೈಟೊಕಾಂಡ್ರಿಯಾಗಳಿಗೆ ಯಾರು ಹೇಳಿಕೊಟ್ಟರೋ, ನಮಗಂತೂ ಹೇಳಿಕೊಡಲಿಲ್ಲ.

ಉತ್ಕರ್ಷಣ ಒಲ್ಲದವರಿಗೆ ಇನ್ನೊಂದು ಉಪಾಯವುಂಟು: ಆಲ್ಕೋಹಾಲನ್ನು ಆಮ್ಲಕ್ಕೇ ಕಟ್ಟಿಹಾಕುವುದು. ಒಂದಿಷ್ಟು ಸಲ್ಫ್ಯೂರಿಕ್ ಆಮ್ಲದ ಸಾಕ್ಷಿಯಲ್ಲಿ ಬಿಸಿ ಮಾಡಿದರೆ ನೀರು ಕಳಚಿ ಎಸ್ಟರ್ ಹುಟ್ಟುತ್ತದೆ. ಕೆಟ್ಟ ಬೆಣ್ಣೆಯ ನಾತಕ್ಕೆ ಕಾರಣವಾದ ಬ್ಯೂಟಿರಿಕ್ ಆಮ್ಲವನ್ನೂ ಗಡಂಗಿನ ಎಥನಾಲನ್ನೂ ಹೀಗೆ ಸೇರಿಸಿದರೆ ಬರುವುದು ಅನಾನಸಿನ ಘಮ. ಎಸೆನ್ಸ್ ಹಾಕಿದ ಪೈನಾಪಲ್ ಕೇಸರಿಬಾತು ಈ ಎರಡು ನಿಷಿದ್ಧಗಳ ಸಂಗಮಫಲ. ತುಪ್ಪವೂ ಎಸ್ಟರೇ: ಗ್ಲಿಸರಾಲಿನ ಮೂರೂ ಹೈಡ್ರಾಕ್ಸಿಲ್‌ಗಳಿಗೆ ಒಂದೊಂದು ಕೊಬ್ಬಿನ ಆಮ್ಲ ಕಾವಲು. ಲೋಪವಿಷ್ಟೇ, ಈ ಕ್ರಿಯೆ ಹಿಂದಕ್ಕೂ ಹರಿಯುತ್ತದೆ. ಎಥನಾಲ್ ಮತ್ತು ಅಸಿಟಿಕ್ ಆಮ್ಲವನ್ನು ಸಮಸಮ ಅಣುಗಳಲ್ಲಿ ಬೆರೆಸಿದರೆ ಸುಮಾರು ಮೂರನೇ ಎರಡು ಭಾಗ ಎಸ್ಟರಾಗಿ ಕ್ರಿಯೆ ನಿಂತುಬಿಡುತ್ತದೆಂದು ಫ್ರಾನ್ಸಿನ ಬರ್ಥೆಲೋ ಮತ್ತು ಸಂಗಡಿಗ 1862ರಲ್ಲೇ ಅಳೆದಿದ್ದರು. ಉಳಿದ ಮೂರನೇ ಒಂದು ಭಾಗ ಪಾಪ ಪಾತ್ರೆಯ ತಳದಲ್ಲಿರುತ್ತದೆ.

ಇಷ್ಟು ಕೇಳಿ ನಮ್ಮ ಓಣಿಯ ಹಿರಿಯರೊಬ್ಬರು ಬೇಸತ್ತು, "ಎಲ್ಲಾ ಬಿಡಪ್ಪಾ, ನಾವು ಬೇಡ ಅನ್ನೋದು ಎಥನಾಲ್ ಒಂದನ್ನೇ" ಎಂದು ಪ್ರತಿಜ್ಞೆಯನ್ನು ಮೊಟಕು ಮಾಡಿದರು. ಹೇಳಿದವರು ಸ್ಕೂಟರ್ ಹತ್ತಿ ದೇವಸ್ಥಾನಕ್ಕೆ ಹೊರಟರು. ಸ್ಕೂಟರಿನ ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಎಥನಾಲ್, ಅದರಲ್ಲಿ ಕಬ್ಬಿನ ಕಾಕಂಬಿಯದೂ ಪಾಲುಂಟು. ವಾಹನ ಕುಡಿದಿದ್ದರೂ ಸವಾರ ಕುಡಿದಿಲ್ಲವಾದ್ದರಿಂದ ಪೊಲೀಸರು ಬಿಟ್ಟರು. ಅವರು ಊದಿಸುವ ಯಂತ್ರವೂ ಪ್ರಾಯಶ್ಚಿತ್ತದ್ದೇ. ಅಮೆರಿಕದ ರಾಬರ್ಟ್ ಬೋರ್ಕೆನ್‌ಸ್ಟೈನ್ 1954ರಲ್ಲಿ ಮಾಡಿದ ಯಂತ್ರದಲ್ಲಿ ಉಸಿರು ಅದೇ ಡೈಕ್ರೋಮೇಟ್ ಮೂಲಕ ಹಾಯುತ್ತಿತ್ತು. ಕುಡಿದವನ ಉಸಿರಿನ ಎಥನಾಲ್ ಅಲ್ಲಿ ಅಸಿಟಿಕ್ ಆಮ್ಲವಾಗಿ ಪಾವನವಾಗುತ್ತಿತ್ತು. ಪಾವನವಾಗಿದ್ದಕ್ಕೇ ದಂಡ.

ಉಳಿದದ್ದು ದೋಸೆಹಿಟ್ಟು. ಉದ್ದು-ಅಕ್ಕಿ ರುಬ್ಬಿ ರಾತ್ರಿಯಿಡೀ ಮುಚ್ಚಿಟ್ಟಾಗ ಲ್ಯೂಕೊನೊಸ್ಟಾಕ್ ಬ್ಯಾಕ್ಟೀರಿಯಾ ಮೂರು ವಸ್ತು ತಯಾರಿಸುತ್ತದೆ. ಹುಳಿಗೆ ಲ್ಯಾಕ್ಟಿಕ್ ಆಮ್ಲ, ಉಬ್ಬಿಗೆ ಕಾರ್ಬನ್ ಡೈಆಕ್ಸೈಡ್. ಮೂರನೆಯದರ ಹೆಸರನ್ನು ಯಾವ ಮನೆಯಲ್ಲೂ ಎತ್ತುವುದಿಲ್ಲ, ಅದು ಎಥನಾಲ್. ಅಲ್ಪವೇ ಸರಿ, ಆದರೆ ಮೊಟಕಾದ ಪ್ರತಿಜ್ಞೆಯಲ್ಲೂ ಅಲ್ಪಕ್ಕೆ ವಿನಾಯಿತಿ ಬರೆದಿಲ್ಲ. ಎಥನಾಲ್ ಕುದಿಯುವುದು 78 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಚುಂಯ್ ಎನ್ನುವ ಕಾವಲಿ ಅದಕ್ಕಿಂತ ಎಷ್ಟೋ ಮೇಲೆ. ಆದ್ದರಿಂದ ಸಿದ್ಧಾಂತವಿದು: ಕಾದ ಕಾವಲಿಯ ದೋಸೆ ಸಮ್ಮತ. ಒಲೆ ಹಚ್ಚುವ ಮೊದಲೇ ಹಿಟ್ಟಿಗೆ ಬೆರಳದ್ದಿ ಉಪ್ಪು ನೋಡುವವರನ್ನು ಮಾತ್ರ ಅಬಕಾರಿ ಕಾಯ್ದೆಯಡಿ ವಿಚಾರಿಸತಕ್ಕದ್ದು. ಹಾಗೆ ನೋಡುವವರು ಬಹುತೇಕ ಮನೆಗಳಲ್ಲಿ ಅಜ್ಜಿಯೇ ಆದ್ದರಿಂದ, ನೋಟಿಸನ್ನು ಯಾರು ಒಳಗೆ ಕೊಂಡೊಯ್ಯಬೇಕೆಂಬಲ್ಲಿ ವಿದ್ವಾಂಸರಲ್ಲಿ ಇನ್ನೂ ಒಮ್ಮತ ಮೂಡಿಲ್ಲ.