ಅಪ್‌ಗ್ರೇಡಪ್ಪನವರು

ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಲ್ಯಾಪ್‌ಟಾಪ್ ತೆರೆದು, ಕಪ್ಪು ಪರದೆಯ ಮೇಲೆ ‘ಆಪ್ಟ್ ಅಪ್‌ಡೇಟ್’ ಎಂದು ಕುಟ್ಟುವವರು ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಲ್ಲಿ ತಲಾ ಒಬ್ಬರಾದರೂ ಸಿಗುತ್ತಾರೆ. ನಮ್ಮಲ್ಲಿ ಇರುವವರನ್ನು ನಾವು ಅಪ್‌ಗ್ರೇಡಪ್ಪ ಅನ್ನುತ್ತೇವೆ. ಎದುರಿಗಲ್ಲ, ಎದುರಿಗೆ ‘ಸಾರ್’. ಮಿಕ್ಕ ವಿಷಯಗಳಲ್ಲಿ ಇಷ್ಟು ಹುಷಾರಿನ ಮನುಷ್ಯ ಇನ್ನೊಬ್ಬರಿಲ್ಲ. ದುಡ್ಡೆಲ್ಲ ಅಂಚೆ ಕಚೇರಿಯ ಠೇವಣಿಯಲ್ಲಿ. ಮೋಡ ಕಂಡರೆ ಕೊಡೆ. ಹೋಟೆಲಿನಲ್ಲಿ ಇಡ್ಲಿ ಬಿಟ್ಟು ಬೇರೆ ತಿಂದವರಲ್ಲ. ಆದರೆ ತಮ್ಮ ಏಕೈಕ ಲ್ಯಾಪ್‌ಟಾಪಿನಲ್ಲಿ ಓಡಿಸುವುದು ಮಾತ್ರ ಡೆಬಿಯನ್ ಲಿನಕ್ಸಿನ ‘ಅನ್‌ಸ್ಟೇಬಲ್’ ಶಾಖೆ.

1993ರಲ್ಲಿ ಇಯಾನ್ ಮರ್ಡಾಕ್ ಶುರು ಮಾಡಿದ ಡೆಬಿಯನ್‌ನಲ್ಲಿ ಹೊಸ ಪ್ಯಾಕೇಜು ಸಾಮಾನ್ಯವಾಗಿ ಮೊದಲು ಬಂದು ಬೀಳುವುದು ಅನ್‌ಸ್ಟೇಬಲ್‌ಗೆ. ಅಲ್ಲಿ ಕೆಲವು ದಿನ ದೊಡ್ಡ ರಂಪವಾಗದೆ ಉಳಿದರೆ ಟೆಸ್ಟಿಂಗ್‌ಗೆ ಬಡ್ತಿ. ಸುಮಾರು ಎರಡು ವರ್ಷಕ್ಕೊಮ್ಮೆ ಟೆಸ್ಟಿಂಗನ್ನು ತಡೆದು ನಿಲ್ಲಿಸಿ, ಹುಳುಕು ತೆಗೆದು, ಸ್ಟೇಬಲ್ ಎಂದು ಬಿಡುಗಡೆ. ಬಿಡುಗಡೆಗಳಿಗೆಲ್ಲ ‘ಟಾಯ್ ಸ್ಟೋರಿ’ ಸಿನಿಮಾದ ಪಾತ್ರಗಳ ಹೆಸರು. ಅನ್‌ಸ್ಟೇಬಲ್‌ಗೆ ಮಾತ್ರ ಎಂದೆಂದಿಗೂ ಸಿಡ್ ಎಂದೇ ಹೆಸರು: ಪಕ್ಕದ ಮನೆಯಲ್ಲಿ ಕೂತು ಆಟಿಕೆ ಮುರಿಯುವ ಹುಡುಗ. ಡೆಬಿಯನ್‌ನವರು ಏನನ್ನೂ ಮುಚ್ಚಿಟ್ಟಿಲ್ಲ ಅನ್ನಿ.

ಅಪ್‌ಗ್ರೇಡಪ್ಪನವರ ಮನೆಯಲ್ಲಿ ಇದರ ಫಲವನ್ನು ಎಲ್ಲರೂ ಹಂಚಿಕೊಂಡು ಉಣ್ಣುತ್ತಾರೆ. ಹೊಸ ಕರ್ನಲ್ ಬಂದ ದಿನ ಗ್ರಾಫಿಕ್ಸ್ ಡ್ರೈವರ್ ಅದರೊಂದಿಗೆ ಕಂಪೈಲ್ ಆಗುವುದಿಲ್ಲ, ಪರದೆ ಕತ್ತಲೆ. ಅದು ಬೆಳಗಿತೆನ್ನುವಷ್ಟರಲ್ಲಿ ಬ್ಲೂಟೂತ್ ಮುನಿಸಿಕೊಳ್ಳುತ್ತದೆ. ಪ್ಯಾಕೇಜು ಇಳಿಯುವ ಮೊದಲೇ ಅದರಲ್ಲಿರುವ ಗಂಭೀರ ಬಗ್‌ಗಳನ್ನು ತೋರಿಸಿ ‘ಮುಂದುವರಿಯಲೇ?’ ಎಂದು ಕೇಳುವ ‘ಆಪ್ಟ್-ಲಿಸ್ಟ್‌ಬಗ್ಸ್’ ಎಂಬ ಸಾಧನವನ್ನೂ ಅವರು ಹಾಕಿಕೊಂಡಿದ್ದಾರೆ. ಅದು ಕೇಳುತ್ತದೆ, ಇವರು ಹೂಂ ಅನ್ನುತ್ತಾರೆ. ಬೇಡವೆಂದದ್ದನ್ನು ನಾನಂತೂ ನೋಡಿಲ್ಲ.

ಅವರ ಕೀರ್ತಿ ಶಿಖರಕ್ಕೇರಿದ್ದು 2024ರ ಆರಂಭದ ತಿಂಗಳುಗಳಲ್ಲಿ. ಹಳೆಯ 32 ಬಿಟ್ ಯಂತ್ರಗಳು ಸೆಕೆಂಡುಗಳನ್ನು ಎಣಿಸುವ ಜಾಗ 2038ರ ಜನವರಿ 19ರಂದು, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 8 ಗಂಟೆ 44 ನಿಮಿಷಕ್ಕೆ, ತುಂಬಿಹೋಗುತ್ತದೆ. ಅದನ್ನು ಸರಿಪಡಿಸಲು ಡೆಬಿಯನ್ ನೂರಾರು ಲೈಬ್ರರಿ ಪ್ಯಾಕೇಜುಗಳ ಹೆಸರಿನ ಕೊನೆಗೆ ‘ಟಿ64’ ಎಂಬ ಬಾಲ ಅಂಟಿಸಿತು. ಇವರದು 64 ಬಿಟ್ ಯಂತ್ರ; ಆ ರೋಗ ಇವರಿಗೆ ಬರುವಂತೆಯೇ ಇರಲಿಲ್ಲ. ಆದರೆ ಬಾಲ ಎಲ್ಲರಿಗೂ ಬಂತು. ಕೆಲವು ಪ್ಯಾಕೇಜು ಹಳೆ ಹೆಸರು ಕೇಳುತ್ತವೆ, ಕೆಲವು ಹೊಸದು. ಎರಡೂ ಒಟ್ಟಿಗೆ ಇರಲಾರವು. ಆಗ ಪ್ಯಾಕೇಜುಗಳನ್ನು ಹಾಕಿ ತೆಗೆಯುವ ಆಪ್ಟ್ ಒಂದು ಉಪಾಯ ಹೇಳಿತು: ಡೆಸ್ಕ್‌ಟಾಪು, ಬ್ರೌಸರು, ಪ್ರಿಂಟಿಂಗು ಎಲ್ಲ ತೆಗೆದುಬಿಟ್ಟರೆ ಜಗಳವೇ ಇರುವುದಿಲ್ಲ. ಇವರು ವೈ ಒತ್ತಿದರು.

“ರೀ, ಪುಟ್ಟಿ ಸ್ಕೂಲ್ ಪ್ರಾಜೆಕ್ಟು ಪ್ರಿಂಟ್ ಹಾಕ್ಕೊಡಿ.”

“ಈಗಾಗಲ್ಲ ಕಣೇ. 2038ರ ಕೆಲಸ ನಡೀತಿದೆ.”

“ಪುಟ್ಟಿಗೆ ನಾಳೆ ಬೆಳಿಗ್ಗೆ ಬೇಕು.”

ಪುಟ್ಟಿ ರಸ್ತೆ ಕೊನೆಯ ಜೆರಾಕ್ಸ್ ಅಂಗಡಿಗೆ ಹೋದಳು. ಆ ಅಂಗಡಿಯವನಿಗೆ ಇವರ ಮನೆಯ ಅಪ್‌ಗ್ರೇಡ್ ವೇಳಾಪಟ್ಟಿ ಬಾಯಿಪಾಠ.

ಈ ಗದ್ದಲದ ಮಧ್ಯೆಯೇ, ಮಾರ್ಚ್ 29ರಂದು, ಎಕ್ಸ್‌ಜೆಡ್ ಪ್ರಕರಣ ಬಯಲಾಯಿತು. ಕಡತಗಳನ್ನು ಕುಗ್ಗಿಸುವ ಆ ಸಣ್ಣ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ, ವರ್ಷಗಟ್ಟಲೆ ಕೆಲಸ ಮಾಡಿ ನಂಬಿಕೆ ಗಳಿಸಿದ್ದ ‘ಜಿಯಾ ತಾನ್’ ಎಂಬ ಹೆಸರಿನವರು ಹಿಂಬಾಗಿಲು ಇಟ್ಟಿದ್ದರು. ಸಿಡ್‌ಗೂ ಟೆಸ್ಟಿಂಗ್‌ಗೂ ಅದು ಬಂದು ಕೂತಿತ್ತು, ಸ್ಟೇಬಲ್ ತಲುಪಿರಲಿಲ್ಲ. ಪತ್ತೆ ಹಚ್ಚಿದವರು ಮೈಕ್ರೋಸಾಫ್ಟ್‌ನಲ್ಲಿದ್ದ ಆಂಡ್ರೆಸ್ ಫ್ರಾಯಿಂಡ್. ಸಿಡ್ ಓಡುತ್ತಿದ್ದ ಯಂತ್ರದಲ್ಲಿ ದೂರದಿಂದ ಒಳಹೊಗುವ ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡು ತಡವಾದದ್ದು ಅವರ ಕಣ್ಣಿಗೆ ಬಿತ್ತು.

ಮಾರನೆಯ ವಾರವಿಡೀ ಅಪ್‌ಗ್ರೇಡಪ್ಪನವರ ಎದೆ ಉಬ್ಬಿತ್ತು. “ನೋಡಿದ್ರಾ? ಹಿಡಿದದ್ದು ನಮ್ಮ ಸಿಡ್‌ನಲ್ಲಿ!”

“ಆದರೆ ಸಾರ್, ಅದು ಬಂದದ್ದೂ ಸಿಡ್‌ಗೇ ಅಲ್ವಾ?”

“ಬರದೇ ಇದ್ರೆ ಹಿಡಿಯೋದು ಹೇಗ್ರೀ?”

ಅದೇ ಕಳ್ಳ ಪ್ಯಾಕೇಜು ಇವರ ಯಂತ್ರದಲ್ಲೂ ಹಾಯಾಗಿ ಕೂತಿತ್ತು. ಆದರೆ ಅರ್ಧ ಸೆಕೆಂಡಿನ ವ್ಯತ್ಯಾಸ ತಿಳಿಯಬೇಕಾದರೆ ಯಂತ್ರ ಎರಡು ದಿನವಾದರೂ ಒಂದೇ ರೀತಿ ಓಡಿರಬೇಕಲ್ಲ! ಇನ್ನು ಡೆಬಿಯನ್ ಅದನ್ನು ಹಿಂತೆಗೆದ ಬಗೆ ನನಗೆ ಬಹಳ ಹಿಡಿಸಿತು. ಆವೃತ್ತಿ ಸಂಖ್ಯೆ ಕೆಳಗಿಳಿದರೆ ಆಪ್ಟ್ ಅದನ್ನು ಅಪ್‌ಗ್ರೇಡ್ ಎಂದು ಒಪ್ಪುವುದಿಲ್ಲ. ಅದಕ್ಕೆ ಹಳೆಯದನ್ನೇ ‘5.6.1+ರಿಯಲಿ5.4.5’ ಎಂಬ ಹೆಸರಿನಲ್ಲಿ ಕಳಿಸಿದರು. ಮದುವೆ ಜಾಹೀರಾತಿನ ವಯಸ್ಸಿನಂತೆ: ಹೇಳುವುದೊಂದು, ಇರುವುದೊಂದು. ಇಲ್ಲಿ ಎರಡನ್ನೂ ಬರೆದಿದ್ದರು ಎಂಬುದಷ್ಟೇ ವ್ಯತ್ಯಾಸ.

ಅವರನ್ನು ಬರೀ ಲೇವಡಿ ಮಾಡಿದರೆ ಪಾಪ ಬಂದೀತು. ಡೆಬಿಯನ್‌ನ ಬಗ್ ಸಂಖ್ಯೆ ಹತ್ತು ಲಕ್ಷ ದಾಟಿದೆ. ಅದರಲ್ಲಿ ಇವರ ಕಾಣಿಕೆಯೂ ಉಂಟು, ಅದೂ ಲಾಗ್ ಸಮೇತ, ಒಪ್ಪವಾಗಿ. ಅವರು ಬೈದು ಬರೆದ ಪ್ಯಾಕೇಜು ಟೆಸ್ಟಿಂಗ್‌ನ ಹೊಸ್ತಿಲಲ್ಲೇ ನಿಂತದ್ದುಂಟು. ಗುಬ್ಬಿ, ನವಿಲು ಎಂಬ ಕನ್ನಡ ಫಾಂಟುಗಳೂ ಸಿಡ್‌ನಿಂದ ಸ್ಟೇಬಲ್‌ವರೆಗಿನ ಇದೇ ದಾರಿಯಲ್ಲಿ ಬರಬೇಕಾದವು. ಹೆಂಡತಿಯ ಲ್ಯಾಪ್‌ಟಾಪಿಗೆ ಸ್ಟೇಬಲ್ ಹಾಕಿಕೊಟ್ಟವರೂ ಅವರೇ. ತಮ್ಮದು ಕೈಕೊಟ್ಟಾಗ ರಿಪೇರಿ ದಾರಿ ಹುಡುಕಲು ಕೂರುವುದು ಅದರ ಮುಂದೆ.

2025ರಲ್ಲಿ ಟ್ರಿಕ್ಸಿ ಎಂಬ ಸ್ಟೇಬಲ್ ಬಿಡುಗಡೆಗಾಗಿ ಟೆಸ್ಟಿಂಗನ್ನು ತಡೆದು ನಿಲ್ಲಿಸುವ ಫ್ರೀಜ್ ತಿಂಗಳುಗಟ್ಟಲೆ ಇತ್ತು. ಸಿಡ್‌ಗೆ ಬರುವ ಹೊಸ ಸರಕೂ ಕಡಿಮೆಯಾಯಿತು. ಬ್ಲೂಟೂತ್ ಸರಿ, ಪ್ರಿಂಟರ್ ಸರಿ, ಪರದೆ ಸರಿ. ಮನುಷ್ಯ ಸೊರಗಿಹೋದರು. “ಯಾಕೋ ಮಂಕಾಗಿದಾರೆ, ಶುಗರ್ ಟೆಸ್ಟ್ ಮಾಡಿಸ್ಲಾ?” ಎಂದು ಮನೆಯವರು ನಮ್ಮನ್ನು ಕೇಳಿದರು. ಆಗಸ್ಟ್ 9ರಂದು ಟ್ರಿಕ್ಸಿ ಬಂತು. ಮಿಕ್ಕವರು ಸ್ಟೇಬಲ್ ಹಾಕಿಕೊಳ್ಳುವ ಸಡಗರದಲ್ಲಿದ್ದರೆ, ತಡೆದಿಟ್ಟಿದ್ದ ಪ್ಯಾಕೇಜುಗಳೆಲ್ಲ ಅತ್ತ ಸಿಡ್‌ಗೆ ನುಗ್ಗತೊಡಗಿದವು. ಕೆಲವು ದಿನ ಕಳೆದು ಅಪ್‌ಗ್ರೇಡಪ್ಪನವರು ಕೆಂಪು ಕಣ್ಣು, ಬೋಳಿಸದ ಗಡ್ಡ, ಮುಖದ ತುಂಬ ನಗು ಹೊತ್ತು ಕಚೇರಿಗೆ ಬಂದರು.

“ಸೌಂಡ್ ಹೋಯ್ತು ಕಣ್ರೀ! ಮೈಕೂ ಹೋಗಿದೆ!” ಎಂದರು. “ಹತ್ತು ಗಂಟೆ ಮೀಟಿಂಗಿಗೆ ನಿಮ್ಮ ಲ್ಯಾಪ್‌ಟಾಪ್ ಸ್ವಲ್ಪ ಕೊಡ್ತೀರಾ?”