ಸ್ವೀಡನ್ ಕಾಕಾ

ಮಗನೋ ಮಗಳೋ ಪರದೇಶದಲ್ಲಿ ಸಂಸಾರ ಹೂಡಿದ ಮೇಲೆ ಅಲ್ಲಿಗೊಮ್ಮೆ ಹೋಗಿ, ಮರಳಿ ಬಂದುದು ದೇಹ ಮಾತ್ರವೆಂಬಂತೆ ವರ್ತಿಸುವ ಹಿರಿಯರು ಈಗ ಊರೂರಿಗೂ ಉಂಟು. ಮುಧೋಳ ಸೀಮೆಯ ನಮ್ಮ ತಿಮ್ಮಾಪುರಕ್ಕೂ ಅಂಥವರೊಬ್ಬರು ಪ್ರಾಪ್ತರಾಗಿದ್ದಾರೆ. ದೈವವಶಾತ್ ಅವರ ಮನೆಗೂ ನನ್ನ ಮನೆಗೂ ನಡುವೆ ಒಂದೇ ಗೋಡೆ.

ಹಂಗಾಮಿನಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರುಗಳು ರಸ್ತೆಯನ್ನು ಆಕ್ರಮಿಸಿದಾಗ ಸ್ಟಾಕ್‌ಹೋಮಿನ ನಿಶ್ಶಬ್ದವನ್ನು ಸ್ಮರಿಸುವರು. ಹಿಟ್ಟಿನ ಗಿರಣಿಯಲ್ಲಿ ಜೋಳದ ಬುಟ್ಟಿಗಳ ಗದ್ದಲವನ್ನು ಕಂಡು, ನಂಬರಿನ ಚೀಟಿ ಹರಿದುಕೊಂಡು ಪಾಳಿ ಕಾಯುವ ಆ ಜನರ ಶಿಸ್ತನ್ನು ವರ್ಣಿಸುವರು. ಹೊಸ್ತಿಲಲ್ಲಿ ಪಾದರಕ್ಷೆ ಕಳಚುವ ಸ್ವೀಡಿಷ್ ಸದಾಚಾರವನ್ನಂತೂ, ತಲೆತಲಾಂತರದಿಂದ ಚಪ್ಪಲಿಯನ್ನು ಹೊರಗೇ ಬಿಡುತ್ತ ಬಂದ ನಮಗೇ ಉಪದೇಶಿಸುವರು. ಇದೆಲ್ಲ ಸಹ್ಯ.

ಅಸಹ್ಯವಾದುದು ರಜೆಯ ಪುರಾಣ. ಒಂದು ಕೂಸಿಗೆ ಸರಕಾರ ಭತ್ಯೆ ಕೊಡುವ 480 ದಿನಗಳು. ಅವುಗಳಲ್ಲಿ 90 ತಂದೆಯವೇ, ತಾಯಿಗೂ ಬಿಟ್ಟುಕೊಡುವಂತಿಲ್ಲ. ಗಂಡಸರಿಗೆ ಭತ್ಯೆಸಹಿತ ರಜೆಯ ಹಕ್ಕು ಬಂದುದು 1974ರಷ್ಟು ಹಿಂದೆಯೇ. “ನನ್ನ ಮಗಾ ತಾನ ಕೂಸಿನ ಕುಂಡಿ ತೊಳೀತಾನ!” ಎಂದು ಕಟ್ಟೆಯ ಮೇಲೆ ಸಾರುವ ಈ ಮಹನೀಯರು ತಾವು ಕುಡಿದ ಚಹದ ಕಪ್ಪುಬಸಿ ಎತ್ತಿಡುವುದಕ್ಕೆ ಒಳಗಿನಿಂದ ಕಾಕೂನನ್ನು ಕರೆಯುತ್ತಾರೆ. ನನ್ನದನ್ನೂ ಆಕೆಯೇ ಎತ್ತುವುದರಿಂದ ಈ ವಿಷಯದಲ್ಲಿ ನಾನು ಹೆಚ್ಚು ಬೆಳೆಸಲಾರೆ.

ಜನವರಿಯಲ್ಲೊಮ್ಮೆ ಫೋನಿನ ಪರದೆಯ ಮೇಲೆ ಮೊಮ್ಮಗನ ದರ್ಶನಕ್ಕೆ ನನಗೂ ಆಮಂತ್ರಣವಿತ್ತು. ಹಿಮ ಬಿದ್ದ ಅಂಗಳದಲ್ಲಿ ಒಂದು ತಳ್ಳುಗಾಡಿ. ಅದರೊಳಗೆ ಹೊದಿಕೆಯ ರಾಶಿ. ರಾಶಿಯಿಂದ ಇಣುಕುವ ಕೆಂಪು ಮೂಗು. ಕೂಸುಗಳನ್ನು ಚಳಿಗಾಳಿಯಲ್ಲಿಯೇ ಮಲಗಿಸುವುದು ಆ ನಾಡಿನ ರೂಢಿಯೆಂದು ಕಾಕಾ ವ್ಯಾಖ್ಯಾನ ತೊಡಗುವಷ್ಟರಲ್ಲಿ, ಕಾಕೂ ಫೋನು ಕಸಿದುಕೊಂಡು, “ಏ ಹುಚ್ಚಪ್ಪಾ, ಕೂಸಿಗೆ ಥಂಡಿ ಹತ್ತೀತು, ಮೊದಲ ಒಳಗ ಒಯ್ಯಿ!” ಎಂದು ಘಟಪ್ರಭೆಯ ಆಚೆದಡಕ್ಕೂ ಕೇಳುವಂತೆ ಕೂಗಿದರು. ಮಗ ನಕ್ಕ; ಕೂಸು ಎದ್ದು ಅತ್ತಿತು; ಎಬ್ಬಿಸಿದ ಅಪರಾಧವನ್ನು ಕಾಕಾ ನನ್ನ ಮೇಲೆ ಹೊರಿಸಿದರು.

ಆದರೂ ಅವರ ಪಡಸಾಲೆಯಲ್ಲಿ ಎರಡು ಗಡಿಯಾರಗಳಿವೆ. ಎರಡನೆಯದು ಚಳಿಗಾಲದಲ್ಲಿ ನಾಲ್ಕೂವರೆ ತಾಸು, ಬೇಸಗೆಯಲ್ಲಿ ಮೂರೂವರೆ ತಾಸು ಹಿಂದೆ. ವರ್ಷಕ್ಕೆರಡು ಸಲ ಸ್ಟೂಲು ಹತ್ತಿ ಅದರ ಮುಳ್ಳು ತಿರುಗಿಸುವುದೊಂದೇ ಅವರು ಸ್ವಹಸ್ತದಿಂದ ಮಾಡುವ ಮನೆಗೆಲಸ. “ಈಗ ಎದ್ದಿರತೈತಿ,” “ಈಗ ಉಂಡಿರತೈತಿ” ಎಂಬ ಅವರ ಗೊಣಗು ಗೋಡೆಯ ಈಚೆಗೂ ಕೇಳುತ್ತದೆ.

ಸ್ವೀಡನ್ನಿನಲ್ಲಿ 2024ರ ಜುಲೈಯಿಂದ ತಂದೆತಾಯಿಗಳು ಆ ರಜೆಯಲ್ಲಿ ತಮ್ಮ ಪಾಲಿನ ಕೆಲವು ದಿನಗಳನ್ನು ಅಜ್ಜಅಜ್ಜಿಯರಿಗೂ ಬಿಟ್ಟುಕೊಡಬಹುದಾಗಿದೆ. ಆದರೆ ಅದು ಆ ದೇಶದ ಸಾಮಾಜಿಕ ವಿಮೆಗೆ ಒಳಪಟ್ಟ ಅಜ್ಜಂದಿರ ಭಾಗ್ಯ; ತಿಮ್ಮಾಪುರದ ಅಜ್ಜನಿಗೆ ದಕ್ಕಿದುದು ಪ್ರವಾಸಿ ವೀಸಾದ 90 ದಿನ, ಅವೂ ಮುಗಿದುವು. ಈ ಅಂತರವನ್ನು ನಾನು ಕಟ್ಟೆಯ ಮೇಲೆ ಎತ್ತಿ ತೋರಿಸಿದಾಗ ಕಾಕಾ ಚಹವನ್ನು ಬಸಿಗೆ ಸುರಿದು, ಆರಿಸಿ, ಪೂರ್ತಿ ಕುಡಿದು, “ಸ್ವೀಡನ್ನಿನಾಗ ಬಾಜೂ ಮನಿಯವರು ಕೇಳದ ಮಾತು ಆಡೂದಿಲ್ಲ” ಎಂದರು.